ಪೆಗ್ ಗೊಂಬೆಯ ಮೇಲೆ ಪುಟ್ಟಿ ನಿಲ್ಲುತ್ತಿಲ್ಲ, ಗೋದಲಿಯ ಮೂರ್ತಿ ಮಾಡಿ ಗೊತ್ತಿದ್ದವರು ಹೇಳಿ

ಬಿಜೈಯವಳು

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್ಮಸ್‌ಗೆ ಮನೆಯಲ್ಲಿ ಇಡುವ ಗೋದಲಿಗೆ, ಅಂದರೆ ಯೇಸು ಹುಟ್ಟಿದ ದೃಶ್ಯಕ್ಕೆ, ಮೂರ್ತಿಗಳನ್ನು ನಾನೇ ಮಾಡುತ್ತೇನೆ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಕಾರಣ ಉಂಟು. ನಮ್ಮ ಅಜ್ಜ ತಂದಿದ್ದ ಪ್ಲಾಸ್ಟರ್ ಮೂರ್ತಿಗಳು ಅಟ್ಟದಲ್ಲಿದ್ದವು. ಹೋದ ಮಳೆಗಾಲದಲ್ಲಿ ಹಂಚು ಒಡೆದು ಪೆಟ್ಟಿಗೆಗೆ ನೀರು ಇಳಿದಿದೆ. ನಮಗೆ ಗೊತ್ತಾಗಿದ್ದು ಮೊನ್ನೆ ತೆಗೆದಾಗ. ಸಂತ ಜೋಸೆಫರ ಕೈ ಮುಟ್ಟಿದರೆ ಪುಡಿಯಾಗುತ್ತದೆ. ಮರಿಯಮ್ಮನವರ ಮುಖವೇ ಅಳಿಸಿ ಹೋಗಿದೆ. ಬಾಲಯೇಸುವಿನ ಮೂರ್ತಿ ಮಾತ್ರ ಸರಿಯಾಗಿದೆ. ಅದನ್ನು ಅಜ್ಜಿ ಯಾವಾಗಲೂ ಬೇರೆ ಬಿಸ್ಕತ್ ಡಬ್ಬದಲ್ಲಿ ಹತ್ತಿ ಸುತ್ತಿ ಇಡುತ್ತಿದ್ದರು.

ಮರದ ಪೆಗ್ ಗೊಂಬೆ ಆನ್‌ಲೈನಿನಲ್ಲಿ ತರಿಸಿದೆ. ಗೊತ್ತಿಲ್ಲದವರಿಗೆ ಹೇಳ್ತೇನೆ: ದುಂಡು ತಲೆ, ಗಂಟೆಯ ಹಾಗೆ ಮೈ, ಕೈಕಾಲು ಇಲ್ಲ, ಎತ್ತರ 60 ಮಿಲಿಮೀಟರ್. ಅದರ ಮೇಲೆ ಪುಟ್ಟಿಯಲ್ಲಿ ಬಟ್ಟೆ, ಕೂದಲು, ಗಡ್ಡ, ಕೈ ಮಾಡುವುದು ನನ್ನ ಯೋಚನೆ. ಮೊದಲು ಮನೆಗೆ ಪೇಂಟ್ ಮಾಡಿದಾಗ ಉಳಿದ ಗೋಡೆ ಪುಟ್ಟಿ ಕಲಸಿ ಹಚ್ಚಿದೆ. ಮರುದಿನ ನೋಡಿದರೆ ಬೇಸಗೆಯ ಗದ್ದೆಯ ಹಾಗೆ ಬಿರುಕು. ಆಮೇಲೆ ಎರಡು ಭಾಗ ಸೇರಿಸಿ ನಾದುವ ಎಪಾಕ್ಸಿ ಪುಟ್ಟಿ ತಂದೆ. ಅದು ಕಲ್ಲಿನ ಹಾಗೆ ಗಟ್ಟಿಯಾಯಿತು. ಆದರೆ ಮಗ ಕೈಯಲ್ಲಿ ಹಿಡಿದು ತಿರುಗಿಸಿದಾಗ ಇಡೀ ನಿಲುವಂಗಿ ಟೊಪ್ಪಿಯ ಹಾಗೆ ಕಳಚಿ ಬಂತು. ನಾನು ಎಲ್ಲಿ ತಪ್ಪಿದ್ದೇನೆ? ಕ್ರಿಸ್ಮಸ್‌ಗೆ ಐದು ವಾರವೂ ಇಲ್ಲ.

ಲೇತ್ ಕಾರ್ಕಳ

ಅಕ್ಕ, ಗೋಡೆ ಪುಟ್ಟಿ ಗೋಡೆಗೇ ಆಯ್ತಾ. ಅದು ಬಿಳಿ ಸಿಮೆಂಟಿನದ್ದು. ಒಣ ಮರ ಅದರ ನೀರನ್ನು ಬೇಗ ಹೀರುತ್ತದೆ. ಸಿಮೆಂಟ್ ಗಟ್ಟಿಯಾಗಲಿಕ್ಕೆ ಬೇಕಾದ ನೀರೇ ಉಳಿಯುವುದಿಲ್ಲ. ಜೊತೆಗೆ ಮರ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬಿರುಕು ಬಂದೇ ಬರುತ್ತದೆ.

ಎರಡನೆಯದಕ್ಕೆ ಒಂದು ಪ್ರಶ್ನೆ. ಗೊಂಬೆ ಹೊಳೆಯುತ್ತಿತ್ತಾ?

ಬಿಜೈಯವಳು

ಹೌದು, ಒಳ್ಳೆ ನುಣುಪಾಗಿತ್ತು. ಬಣ್ಣ ಇರಲಿಲ್ಲ, ಆದರೆ ಹೊಳಪು ಇತ್ತು.

ಲೇತ್ ಕಾರ್ಕಳ

ಅದೇ ಮತ್ತೆ. ವಾರ್ನಿಶ್ ಇರಬೇಕು, ಇಲ್ಲದಿದ್ದರೆ ಮೇಣ. ನಿಮ್ಮ ಪುಟ್ಟಿ ಹಿಡಿದದ್ದು ಮರವನ್ನಲ್ಲ, ಆ ಹೊಳಪನ್ನು. 120 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಹೊಳಪು ಪೂರ್ತಿ ಹೋಗುವವರೆಗೆ ತಿಕ್ಕಿ. ಪುಟ್ಟಿ ಬರುವ ಜಾಗದಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಡ್ಡ ಗೀರು ಹಾಕಿ. ಧೂಳು ಒರೆಸಿ. ಮೊದಲು ಕಾಗದದಷ್ಟು ತೆಳು ಪುಟ್ಟಿಯನ್ನು ಹೆಬ್ಬೆರಳಿನಿಂದ ಗೀರಿನೊಳಗೆ ಒತ್ತಿ ತಿಕ್ಕಿ. ಅದು ಹಸಿ ಇರುವಾಗಲೇ ಮೇಲಿನ ಬಟ್ಟೆ ಕೂರಿಸಿ. ಆಮೇಲೆ ಕಳಚಿದರೆ ನನ್ನನ್ನು ಕೇಳಿ.

ಕಳಚಿ ಬಂದ ನಿಲುವಂಗಿ ಬಿಸಾಡಬೇಡಿ. ಒಳಗಡೆ ತಿಕ್ಕಿ, ಮರವನ್ನೂ ತಿಕ್ಕಿ, ಅರಾಲ್ಡೈಟ್ ಅಂಟು ಹಚ್ಚಿ ಪುನಃ ಕೂರಿಸಬಹುದು.

ಫಳ್ನೀರು

ಯಾವ ಪುಟ್ಟಿ ಅಂತ ಹೇಳಿ. ಎಂ-ಸೀಲ್ ಬೇರೆ, ಮೌಲ್ಡ್‌ಇಟ್ ಬೇರೆ. ಪೈಪಿಗೆ ಹಾಕುವ ಎಂ-ಸೀಲ್ ಕೈಗೆ ತುಂಬಾ ಅಂಟುತ್ತದೆ, ಬೇಗ ಬಿಗಿಯುತ್ತದೆ. ಸೂಕ್ಷ್ಮ ಕೆಲಸಕ್ಕೆ ಮೌಲ್ಡ್‌ಇಟ್ ಒಳ್ಳೆಯದು. ಬಿಳಿ ಇರುತ್ತದೆ, ಮಡಿಕೆ ಅಲಂಕಾರ ಮಾಡುವವರೆಲ್ಲ ಅದನ್ನೇ ತರುತ್ತಾರೆ.

ಗರಡಿ ರೋಡ್

ಒಪ್ಪುವುದಿಲ್ಲ. ಕೈ, ಕೋಲು, ಕಿರೀಟದ ತುದಿ ಇಂಥ ಸಪೂರದ್ದಕ್ಕೆ ಎಂ-ಸೀಲೇ ಗಟ್ಟಿ. ನನ್ನ ಕುರಿಗಳು ಎಷ್ಟು ಸಲ ಬಿದ್ದಿವೆ, ಒಂದು ಕಿವಿ ಹೋಗಿಲ್ಲ.

ಫಳ್ನೀರು

ಕುರಿಯ ಕಿವಿ ಸರಿ. ಅದರಲ್ಲಿ ಮುಖ ಮಾಡಿ ತೋರಿಸಿ ನೋಡೋಣ.

ಶಿರ್ವದ ಟೀಚರ್

ಎರಡನ್ನೂ ಬಳಸಿದವಳು ನಾನು. ಇಬ್ಬರೂ ಸರಿ. ಕೋಲಿಗೆ, ಬೆರಳಿಗೆ ಒಳಗೆ ಸಪೂರ ತಂತಿ ಇಟ್ಟರೆ ಯಾವ ಪುಟ್ಟಿಯೂ ಮುರಿಯುವುದಿಲ್ಲ. ಜಾಸ್ತಿ ಮುಖ್ಯ ಇರುವುದು ನಾದುವುದರಲ್ಲಿ. ಎರಡೂ ಭಾಗ ಸಮ ಸಮ ತೆಗೆಯಿರಿ. ಬಣ್ಣ ಒಂದೇ ಆಗುವವರೆಗೆ ನಾದಿ, ಒಂದು ಗೆರೆಯೂ ಕಾಣಬಾರದು. ಗೆರೆ ಉಳಿದರೆ ಆ ಜಾಗ ಎಷ್ಟು ದಿನ ಹೋದರೂ ಮೆತ್ತಗೇ ಇರುತ್ತದೆ. ಒಂದು ಸಲಕ್ಕೆ ನೆಲ್ಲಿಕಾಯಿಯಷ್ಟು ಸಾಕು. ಜಾಸ್ತಿ ನಾದಿದರೆ ಅರ್ಧ ಕೈಯಲ್ಲೇ ಗಟ್ಟಿಯಾಗುತ್ತದೆ.

ನಾನು ಸೆರಗು, ಮೇಲುಹೊದಿಕೆ ಮಾಡುವ ಕ್ರಮ ಹೇಳ್ತೇನೆ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಬಿಡಿಸಿಕೊಳ್ಳಿ. ಒಳಗೆ ಸ್ವಲ್ಪ ಟಾಲ್ಕಂ ಪೌಡರ್. ನಾದಿದ ಪುಟ್ಟಿಯನ್ನು ನಡುವೆ ಇಟ್ಟು ಬಾಟಲಿಯಿಂದ ಲಟ್ಟಿಸಿ, ಒಂದು ಮಿಲಿಮೀಟರ್ ದಪ್ಪಕ್ಕೆ. ಕೂಡಲೇ ಎತ್ತಬೇಡಿ, ಹರಿಯುತ್ತದೆ. ಸ್ವಲ್ಪ ಬಿಗಿದು ಚಪಾತಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಬ್ಲೇಡಿನಿಂದ ಕತ್ತರಿಸಿ ತಲೆಯ ಮೇಲಿಂದ ಇಳಿಬಿಡಿ. ನೆರಿಗೆಯನ್ನು ಗೀಚಿ ಮಾಡುವುದಲ್ಲ, ಬಟ್ಟೆಯನ್ನು ಮಡಚಿದ ಹಾಗೆ ಮಡಚುವುದು. ಆಮೇಲೆ ಹಿಡಿಸೂಡಿ ಕಡ್ಡಿಯಲ್ಲಿ ನೆರಿಗೆಯ ತಳ ಒತ್ತಿದರೆ ನೆರಳು ಬೀಳುತ್ತದೆ. ಬೆರಳಿಗೆ ಒಂದು ಹನಿ ನೀರು ಮುಟ್ಟಿಸಿ ಸವರಿದರೆ ನುಣುಪು. ನೀರು ಜಾಸ್ತಿಯಾದರೆ ಲೋಳೆಯಾಗಿ ಪದರ ಬಿಡುತ್ತದೆ.

ಕಂಕನಾಡಿ ನರ್ಸ್

ಎಲ್ಲರೂ ಬೆರಳು ಬೆರಳು ಅಂತೀರಿ, ಗ್ಲೌಸ್ ಬಗ್ಗೆ ಒಬ್ಬರೂ ಹೇಳಲಿಲ್ಲ! ಹಸಿ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರುತ್ತದೆ. ಮೊದಲ ಹತ್ತು ಸಲ ಏನೂ ಆಗದೆ ಹನ್ನೊಂದನೆಯ ಸಲ ಕೈ ಕೆಂಪಾಗಿ ತುರಿಸಬಹುದು. ಒಮ್ಮೆ ಶುರುವಾದರೆ ಆಮೇಲೆ ಪ್ರತಿ ಸಲ ಬರುತ್ತದೆ. ನೈಟ್ರೈಲ್ ಗ್ಲೌಸ್ ಮೆಡಿಕಲಿನಲ್ಲಿ ಸಿಗುತ್ತದೆ. ಅಂಟಿದ್ದನ್ನು ಥಿನ್ನರಿನಲ್ಲಿ ತೊಳೆಯಬೇಡಿ, ಗಟ್ಟಿಯಾಗುವ ಮೊದಲು ಸಾಬೂನು ನೀರು ಸಾಕು. ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಿಡಿಯುವಾಗ ಮಾಸ್ಕ್ ಹಾಕಿ. ಮಕ್ಕಳಿಗೆ ಪುಟ್ಟಿ ನಾದಲಿಕ್ಕೆ ಕೊಡಬೇಡಿ, ಬಣ್ಣ ಹಚ್ಚಲಿಕ್ಕೆ ಕೊಡಿ.

ಕೊಪ್ಪಳದಿಂದ ಮಣಿಪಾಲಕ್ಕೆ

ಮರದ ಮೇಲೆ ಪುಟ್ಟಿ ಹಚ್ಚಿ ಗೊಂಬೆ ಮಾಡುವುದು ನಮ್ಮ ಕಡೆ ಹೊಸದೇ ಅಲ್ಲ. ಕೊಪ್ಪಳದ ಕಿನ್ನಾಳ ಗೊಂಬೆ ನೋಡಿದ್ದೀರಾ? ಹಗುರ ಮರ ಕೆತ್ತಿ, ಭಾಗಗಳನ್ನು ಹುಣಸೆ ಬೀಜ ನೆನೆಸಿ ಅರೆದ ಅಂಟಿನಿಂದ ಸೇರಿಸುತ್ತಾರೆ. ಅದೇ ಅಂಟಿಗೆ ಮರದ ಹೊಟ್ಟು, ಗೋಣಿನಾರಿನ ಪುಡಿ ಸೇರಿಸಿದರೆ ಕಿಟ್ಟ. ಕಿಟ್ಟವೇ ಅಲ್ಲಿನ ಪುಟ್ಟಿ. ಮೈಮೇಲಿನ ಒಡವೆ ಉಬ್ಬಿ ಕಾಣಲಿಕ್ಕೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಎತ್ತುತ್ತಾರೆ. ರಾಸಾಯನಿಕ ಏನೂ ಬೇಡ. ಅಕ್ಕ ಅದನ್ನೇ ಯಾಕೆ ಮಾಡಬಾರದು?

ಬೆಳ್ತಂಗಡಿ ತೋಟ

ಕೊಪ್ಪಳದ ಒಣ ಗಾಳಿಗೆ ಅದು ಸರಿ ಮಾರಾಯ್ರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಹುಣಸೆ ಬೀಜದ ಅಂಟು ಅಂದರೆ ಬೂಸ್ಟಿಗೆ, ಹುಳಕ್ಕೆ ಊಟ. ಹಾಕುವುದೇ ಆದರೆ ಚಿಟಿಕೆ ಮೈಲುತುತ್ತು ಸೇರಿಸಿ. ಹಳೆ ಕಾಲದಲ್ಲಿ ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಅದನ್ನೇ ಹಾಕುತ್ತಿದ್ದರು. ಅಡಿಕೆಗೆ ಸಿಂಪಡಿಸುವವರ ಮನೆಯಲ್ಲಿ ಹೇಗೂ ಇರುತ್ತದೆ.

ಕಂಕನಾಡಿ ನರ್ಸ್

ಮಕ್ಕಳಿರುವ ಮನೆಯ ಗೊಂಬೆಗೆ ಮೈಲುತುತ್ತಾ? ದಯವಿಟ್ಟು ಬೇಡ. ಅದು ವಿಷ.

ಬೆಳ್ತಂಗಡಿ ತೋಟ

ಸರಿ, ಆ ಮಾತು ವಾಪಸ್ ತೆಗೆದುಕೊಂಡೆ. ಮಕ್ಕಳ ವಿಷಯ ನನ್ನ ತಲೆಗೆ ಬರಲಿಲ್ಲ.

ಕೊಪ್ಪಳದಿಂದ ಮಣಿಪಾಲಕ್ಕೆ

ಬೂಸ್ಟಿನ ಮಾತು ಒಪ್ಪಿದೆ. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ಮನೆಯ ಒಂದು ಕಿನ್ನಾಳ ಗೊಂಬೆಗೇ ಬಿಳಿ ಬೂಸ್ಟು ಬಂದಿತ್ತು.

ಕುಲಶೇಖರ

ಒಂದು ವಿಷಯ ಯಾರೂ ಕೇಳಲಿಲ್ಲ. ಅಕ್ಕ, ಹಳೆಯ ಬಾಲಯೇಸುವಿನ ಮೂರ್ತಿ ಎಷ್ಟು ಉದ್ದ ಉಂಟು?

ಬಿಜೈಯವಳು

ಈಗ ಅಳೆದೆ. ಸರಿಯಾಗಿ ಎರಡು ಇಂಚು.

ಕುಲಶೇಖರ

ಅದೇ ನನಗೆ ಅನುಮಾನ ಇತ್ತು. ಎರಡು ಇಂಚು ಅಂದರೆ ಸುಮಾರು 50 ಮಿಲಿಮೀಟರ್. ನಿಮ್ಮ ಸಂತ ಜೋಸೆಫರು 60. ತಂದೆಯೂ ಮಗುವೂ ಹೆಚ್ಚುಕಡಿಮೆ ಒಂದೇ ಎತ್ತರ ಆಗುತ್ತದೆ. ನಿಜವಾದ ಎಳೆಮಗು ಸುಮಾರು 50 ಸೆಂಟಿಮೀಟರ್, ದೊಡ್ಡವರು 160 ಅಂತ ಇಟ್ಟುಕೊಳ್ಳಿ. ಅಂದರೆ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಎರಡು ಇಂಚಿನ ಮಗುವಿಗೆ ಆರು, ಆರೂವರೆ ಇಂಚಿನ ತಂದೆತಾಯಿ ಬೇಕು. ಒಂದೋ ಪುಟ್ಟಿಯಲ್ಲಿ ಗೇರುಬೀಜದಷ್ಟು ಹೊಸ ಮಗು ಮಾಡಿ, ಇಲ್ಲವೇ ದೊಡ್ಡ ಗೊಂಬೆ ಹುಡುಕಿ.

ಬಿಜೈಯವಳು

ಹೊಸ ಮಗು ಮಾಡುವುದಿಲ್ಲ. 24ರ ರಾತ್ರಿ ಪೂಜೆ ಮುಗಿಸಿ ಬಂದು ಆ ಮೂರ್ತಿಯನ್ನು ಬೈಹುಲ್ಲಿನಲ್ಲಿ ಮಲಗಿಸುವುದು ಅಜ್ಜಿಯ ಕೆಲಸವಾಗಿತ್ತು. ಅವರು ಹೋಗಿ ಎರಡು ವರ್ಷ. ಈ ಸಲ ಅಮ್ಮ ಮಲಗಿಸುತ್ತಾರೆ. ಮೂರ್ತಿ ಅದೇ ಇರಬೇಕು. ಆದರೆ ಆರು ಇಂಚಿನ ಪೆಗ್ ಗೊಂಬೆ ನಾನು ಎಲ್ಲೂ ನೋಡಲಿಲ್ಲ.

ಲೇತ್ ಕಾರ್ಕಳ

ನೋಡುವುದು ಯಾಕೆ? ಕಡೆಸಿದರೆ ಆಯ್ತು. ತೊಟ್ಟಿಲಿನ ಗುಂಡು, ಮಂಚದ ಕಾಲು ಕಡೆಯುವ ಯಾರ ಹತ್ತಿರ ಹೋದರೂ ಮಾಡಿ ಕೊಡುತ್ತಾರೆ. ಸಣ್ಣ ಗೊಂಬೆಯನ್ನೇ ಮಾದರಿಗೆ ಒಯ್ಯಿರಿ. ತಳ ಅಗಲ ಇರಲಿ, ಇಲ್ಲದಿದ್ದರೆ ಪುಟ್ಟಿಯ ಭಾರಕ್ಕೆ ಮುಗ್ಗರಿಸುತ್ತದೆ. ಕುತ್ತಿಗೆ ತೀರಾ ಸಪೂರ ಮಾಡಿಸಬೇಡಿ. ವಾರ್ನಿಶ್ ಬೇಡ ಅಂತ ಎರಡು ಸಲ ಹೇಳಿ, ಅವರಿಗೆ ಕೈ ತಡೆಯುವುದಿಲ್ಲ.

ಮರ ಹಲಸು ಆಗಬಹುದು. ಹಳದಿ ಬಣ್ಣ, ಪೇಂಟಿನ ಕೆಳಗೆ ಹೋಗುತ್ತದಲ್ಲ. ಚನ್ನಪಟ್ಟಣದವರ ಆಲೆ ಮರ ಸಿಕ್ಕಿದರೆ ಬೆಣ್ಣೆಯ ಹಾಗೆ ಕಡೆಯಬಹುದು, ಆದರೆ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಒಣಗಿದ ಮರವೇ ಬೇಕು. ಹಸಿ ಮರ ಒಣಗಿದಂತೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಹಾಗೆ ಸೊಂಟದ ಸುತ್ತ ಪುಟ್ಟಿ ಸಡಿಲ ಆಗುತ್ತದೆ.

ಬೆಳ್ತಂಗಡಿ ತೋಟ

ರಬ್ಬರ್ ಮರವೂ ಬೆಳ್ಳಗೆ ಚಂದ ಉಂಟು. ಔಷಧಿ ಹಾಕಿ ಒಣಗಿಸಿದ್ದೇ ಕೇಳಿ. ಹಾಗೇ ತಂದರೆ ಕುಟ್ಟೆ ಹಿಡಿದು ಮುಂದಿನ ವರ್ಷಕ್ಕೆ ಪುಡಿ ಉದುರುತ್ತದೆ.

ಬಲ್ಮಠ

ಪೆಗ್ ಗೊಂಬೆಗೆ ಆ ಹೆಸರು ಬಂದದ್ದು ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿನಿಂದ. ಸ್ಪ್ರಿಂಗ್ ಕ್ಲಿಪ್ಪಿಗೆ ಅಮೆರಿಕದಲ್ಲಿ ಪೇಟೆಂಟ್ ಆದದ್ದು 1853ರಲ್ಲಿ. ಸ್ಪ್ರಿಂಗ್ ಇಲ್ಲದ ಕ್ಲಿಪ್ಪಿಗೆ ದುಂಡು ತಲೆ, ಕೆಳಗೆ ಸೀಳಿ ಎರಡು ಕವಲು, ನೋಡಲಿಕ್ಕೆ ಕಾಲಿನ ಹಾಗೆ. ಮಕ್ಕಳು ಅದಕ್ಕೆ ಬಟ್ಟೆ ಸುತ್ತಿ ಆಡುತ್ತಿದ್ದರು. ವಿಕ್ಟೋರಿಯಾ ರಾಣಿಯ ಹತ್ತಿರವೂ ಸಣ್ಣವಳಿದ್ದಾಗ 132 ಮರದ ಗೊಂಬೆ ಇದ್ದವು, ಅವು ಬೇರೆ ತರದವು, ಕೈಕಾಲು ಮಡಚುವಂಥವು.

ಅಂದ ಹಾಗೆ, ಸಾಂತಾ ಕ್ಲಾಸ್ ಮಾಡುವುದಿಲ್ವಾ ಅಕ್ಕ? ಪೆಗ್ ಗೊಂಬೆಗೆ ಅದೇ ಸುಲಭ. ಹೊಟ್ಟೆ, ಗಡ್ಡ, ಟೊಪ್ಪಿ, ಮುಗಿಯಿತು.

ಕಲ್ಯಾಣಪುರ

ಗೋದಲಿಯಲ್ಲಿ ಸಾಂತಾ ಇಡಬಾರದು. ಅದು ಪೇಟೆಯ ಅಂಗಡಿಯವರು ತಂದದ್ದು, ಕೆಂಪು ಬಟ್ಟೆಯೂ ಕೋಕಾ ಕೋಲಾದ ಜಾಹೀರಾತಿನಿಂದ ಬಂದದ್ದು.

ಬಲ್ಮಠ

ಕೆಂಪು ಬಟ್ಟೆ ಕೋಲಾಕ್ಕಿಂತ ಹಳೆಯದು. ಅವರ ಪ್ರಸಿದ್ಧ ಚಿತ್ರಗಳು 1931ರವು. ಥಾಮಸ್ ನಾಸ್ಟ್ ಎಂಬ ಚಿತ್ರಕಾರ 1863ರಿಂದಲೇ ಅಮೆರಿಕದ ಪತ್ರಿಕೆಯಲ್ಲಿ ಸಾಂತಾನನ್ನು ಬರೆಯುತ್ತಾ ಬಂದಿದ್ದ, ಆಮೇಲಿನ ಅವನ ಚಿತ್ರಗಳಲ್ಲಿ ಕೆಂಪು ಬಟ್ಟೆ ಉಂಟು. ಮೂಲಕ್ಕೆ ಹೋದರೆ ಸಂತ ನಿಕೊಲಾಸ್, ನಾಲ್ಕನೆಯ ಶತಮಾನದಲ್ಲಿ ಮೈರಾದ ಬಿಷಪ್. ಮೈರಾ ಈಗ ಟರ್ಕಿಯಲ್ಲಿದೆ. ಹಬ್ಬ ಡಿಸೆಂಬರ್ 6ಕ್ಕೆ.

ಶಿರ್ವದ ಟೀಚರ್

ಹಾಗಾದರೆ ಬಿಷಪರ ಉದ್ದ ಟೊಪ್ಪಿ, ಕೈಯಲ್ಲಿ ಕೊಕ್ಕೆಕೋಲು ಮಾಡಿ ಡಿಸೆಂಬರ್ 6ಕ್ಕೆ ಕಿಟಕಿಯಲ್ಲಿ ಇಡಿ, ಗೋದಲಿಯಲ್ಲಿ ಬೇಡ. ಇಬ್ಬರಿಗೂ ಸಮಾಧಾನ ಅಲ್ವಾ?

ಕಲ್ಯಾಣಪುರ

ಅದು ಒಪ್ಪಬಹುದು.

ಬಿಜೈಯವಳು

ಸಾಂತಾ ಮಗಳು ಕೇಳಿದ್ದಾಳೆ, ಕಿಟಕಿಗೇ ಇಡ್ತೇನೆ. ಇನ್ನೊಂದು ಪ್ರಶ್ನೆ. ಮರಿಯಮ್ಮನವರಿಗೆ ನೀಲಿ ನಿಲುವಂಗಿಯ ಬದಲು ಸೀರೆ ಉಡಿಸಬೇಕು ಅಂತ ನನಗೆ ಆಸೆ. ಮನೆಯಲ್ಲಿ ಎರಡು ಮಾತು ಬಂದಿದೆ.

ಕಲ್ಯಾಣಪುರ

ಬೇಡ ಅಕ್ಕ. ನಡೆದದ್ದು ಬೆತ್ಲೆಹೇಮಿನಲ್ಲಿ. ಅಲ್ಲಿಯ ಉಡುಗೆಯೇ ಇರಲಿ.

ಗರಡಿ ರೋಡ್

ನೀಲಿ ನಿಲುವಂಗಿಯೂ ಬೆತ್ಲೆಹೇಮಿನದ್ದಲ್ಲ. ಯೂರೋಪಿನ ಚಿತ್ರಕಾರರು ಉಡಿಸಿದ್ದು. ವೇಳಾಂಕಣ್ಣಿ ಮಾತೆ ಅಂದರೂ ಮರಿಯಮ್ಮನವರೇ, ಸೀರೆಯಲ್ಲೇ ಇದ್ದಾರಲ್ಲ, ನಾವೆಲ್ಲ ಹೋಗಿ ಕೈಮುಗಿಯುವುದಿಲ್ವಾ?

ಕಲ್ಯಾಣಪುರ

ಅದು ಬೇರೆ, ಇದು ಹುಟ್ಟಿದ ರಾತ್ರಿಯ ದೃಶ್ಯ.

ಕುಲಶೇಖರ

ದೃಶ್ಯದ ಮಾತು ಬಂದರೆ ಎತ್ತು, ಕತ್ತೆ ಕೂಡ ಲೂಕನ ಸುವಾರ್ತೆಯಲ್ಲಿ ಇಲ್ಲ. ಅಲ್ಲಿರುವುದು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ್ದು ಮಾತ್ರ. ನಕ್ಷತ್ರ ನೋಡಿ ಬಂದ ಜೋಯಿಸರು ಮೂವರು ಅಂತಲೂ ಮತ್ತಾಯ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಮೂರು ಕಾಣಿಕೆ ಇದ್ದುದರಿಂದ ಮೂವರಾದರು. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ಹುಲ್ಲು, ಎತ್ತು, ಕತ್ತೆ ಎಲ್ಲ ಅಲ್ಲಿಯದ್ದೇ ತಂದರು. ನೇಪಲ್ಸ್‌ನ ಹಳೆಯ ಗೋದಲಿಗಳಲ್ಲಿ ಅಲ್ಲಿನ ಪೇಟೆಯ ಮೀನು ಮಾರುವವರೇ ಇದ್ದಾರೆ. ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಸಾಂತೋನ್ ಅಂತ ಮಣ್ಣಿನ ಸಣ್ಣ ಗೊಂಬೆ ಮಾಡುತ್ತಾರೆ, ಅದರಲ್ಲಿ ಊರಿನ ರೊಟ್ಟಿಯವನಿಂದ ಹಿಡಿದು ಎಲ್ಲರೂ ಬರುತ್ತಾರೆ. ಅವರವರ ಊರಿನವರನ್ನು ಅವರವರು ಗೋದಲಿಯ ಹತ್ತಿರ ಕರೆದಿದ್ದಾರೆ. ನಾವು ಕರೆದರೆ ತಪ್ಪೇನು?

ಶಂಕರಪುರ

ಹಾಗಾದರೆ ಮಲ್ಲಿಗೆ ಕಟ್ಟುವವಳೂ ಬರಲಿ! ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಮಲ್ಲಿಗೆ ಕೊಯ್ಯುವುದು, ಆಮೇಲೆ ಚಹಾ. ಅಮ್ಮ ಕಟ್ಟುತ್ತಾ ಕೂರುವುದನ್ನು ನೋಡಿ ಬೆಳೆದವಳು ನಾನು. ಕುರುಬರ ಜೊತೆ ಒಂದು ಚೆಂಡು ಮಲ್ಲಿಗೆ ಹಿಡಿದ ಹೆಂಗಸು ಇದ್ದರೆ ನನಗೆ ತುಂಬಾ ಖುಷಿ.

ಬಿಜೈಯವಳು

ಇದು ನನ್ನ ಮನಸ್ಸಿಗೆ ಹಿಡಿಸಿತು. ಸಣ್ಣ 60 ಮಿಲಿಮೀಟರಿನ ಗೊಂಬೆಗಳು ಹೇಗೂ ಉಳಿದಿವೆ. ಮೀನಿನ ಬುಟ್ಟಿ ಹೊತ್ತವಳು, ಮಲ್ಲಿಗೆಯವಳು ಅದರಲ್ಲೇ ಆಗಲಿ.

ಕುಲಶೇಖರ

ಅವರನ್ನು ಹಿಂದೆ, ಗುಡ್ಡದ ಮೇಲೆ ಇಡಿ. ಸಣ್ಣ ಇರುವುದರಿಂದ ದೂರದಿಂದ ನಡೆದು ಬರುತ್ತಿದ್ದಾರೆ ಅನಿಸುತ್ತದೆ.

ಶಂಕರಪುರ

ಕೂದಲು, ಕುರಿಯ ಉಣ್ಣೆಗೆ ಒಂದು ಉಪಾಯ. ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ ತಿಂಡಿಗಳಿಗೆ, ಕಿಡಿಯೊ ಮಾಡುವಾಗ ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುತ್ತೇವಲ್ಲ, ಪುಟ್ಟಿಯಲ್ಲಿ ಹೆಸರುಕಾಳಿನಷ್ಟು ತೆಗೆದು ಹಾಗೇ ಮಾಡಿ. ಗೆರೆ ಗೆರೆ ಸುರುಳಿ ಬರುತ್ತದೆ. ಸಾಲಾಗಿ ಅಂಟಿಸಿದರೆ ಉಣ್ಣೆಯೇ.

ಕಂಕನಾಡಿ ನರ್ಸ್

ಆ ಬಾಚಣಿಗೆ ಮತ್ತೆ ಅಡುಗೆಮನೆಗೆ ಹೋಗಬಾರದು!

ಗರಡಿ ರೋಡ್

ಕುಸ್ವಾರಿನ ಮಾತು ಬಂತಲ್ಲ, ಕರ್ಜಿಕಾಯಿಯ ಹಾಗಿನ ನೆವ್ರಿ ಎಣ್ಣೆಯಲ್ಲಿ ಬಾಯಿ ಬಿಡದ ಹಾಗೆ ಮಾಡುವುದು ಹೇಗೆ? ಹೋದ ವರ್ಷ ಎಳ್ಳೆಲ್ಲ ಬಾಣಲೆಯಲ್ಲಿ.

ಶಂಕರಪುರ

ಅಂಚಿಗೆ ಹಾಲು ಸವರಿ ಒತ್ತಿ. ಹೂರಣ ಕಮ್ಮಿ ಹಾಕಿ. ಮಾಡಿದ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ, ಅಂಚು ಒಣಗಿದರೆ ಬಿಡುತ್ತದೆ.

ಫಳ್ನೀರು

ಬಣ್ಣದ ಬಗ್ಗೆ ಹೇಳಿಬಿಡ್ತೇನೆ. ಒಂದು ದಿನ ಪೂರ್ತಿ ಒಣಗಲಿ. 220, ಆಮೇಲೆ 400 ನಂಬರಿನ ಪೇಪರ್. ಮರ, ಪುಟ್ಟಿ ಎರಡಕ್ಕೂ ಒಂದು ಕೈ ಬಿಳಿ ಪ್ರೈಮರ್, ಇಲ್ಲದಿದ್ದರೆ ಮರದ ಮೇಲೆ ಬಣ್ಣ ಮಂಕು, ಪುಟ್ಟಿಯ ಮೇಲೆ ಹೊಳಪು ಅಂತ ಎರಡು ಬಗೆ ಕಾಣುತ್ತದೆ. ಅಕ್ರಿಲಿಕ್ ತೆಳ್ಳಗೆ ಎರಡು ಮೂರು ಕೈ. ಕಣ್ಣು ಮುಖದ ನಡುಗೆರೆಗಿಂತ ಸ್ವಲ್ಪ ಕೆಳಗೆ ಇರಲಿ. ಮೇಲೆ ಇಟ್ಟರೆ ಗಾಬರಿಯಾದ ಹಾಗೆ ಕಾಣುತ್ತದೆ. ಮಗುವನ್ನು ನೋಡುತ್ತಿರುವವರಿಗೆ ಕಣ್ಣು ಚುಕ್ಕೆ ಬೇಡ, ಕೆಳಗೆ ಬಾಗಿದ ಒಂದು ಸಣ್ಣ ಗೆರೆ ಸಾಕು. ರೆಪ್ಪೆ ಇಳಿಸಿದ ಹಾಗೆ ಕಾಣುತ್ತದೆ.

ಬಿಜೈಯವಳು

ಡಿಸೆಂಬರ್ 20. ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಕಾರ್ಕಳದ ಅಣ್ಣ ಹೇಳಿದ ಹಾಗೆ ತೊಟ್ಟಿಲು ಕಡೆಯುವ ಒಬ್ಬರ ಹತ್ತಿರ ಹಲಸಿನ ತುಂಡಿನಲ್ಲಿ ಆರೂವರೆ ಇಂಚಿನ ಐದು ಗೊಂಬೆ ಮಾಡಿಸಿದೆ. ಗೀರು ಹಾಕಿ, ತೆಳು ಪದರ ಒತ್ತಿ, ಮೇಲೆ ಬಟ್ಟೆ ಕೂರಿಸಿದೆ. ಮಗ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಕಳಚಲಿಲ್ಲ. ಮರಿಯಮ್ಮನವರಿಗೆ ಸೀರೆಯೇ ಆಯಿತು, ಬಿಳಿ ಸೀರೆಗೆ ನೀಲಿ ಅಂಚು, ಸೆರಗು ತಲೆಯ ಮೇಲೆ. ಕಲ್ಯಾಣಪುರದವರು ಬೇಜಾರು ಮಾಡಬೇಡಿ. ಸಂತ ಜೋಸೆಫರಿಗೆ ನೀವು ಹೇಳಿದ ನಿಲುವಂಗಿಯೇ ಉಂಟು. ಫಳ್ನೀರಿನವರು ಹೇಳಿದ ಹಾಗೆ ಕಣ್ಣು ಇಳಿಸಿ ಬರೆದೆ. ಅಮ್ಮ ಬಂದು ನೋಡಿದರು. ಬಾಲಯೇಸುವನ್ನು ಡಬ್ಬದಿಂದ ತೆಗೆದು ನಡುವೆ ಒಂದು ಕ್ಷಣ ಮಲಗಿಸಿ, ಅಳತೆ ಸರಿಯಾಗಿದೆ ಅಂದರು. ಮತ್ತೆ ಹತ್ತಿ ಸುತ್ತಿ ಒಳಗಿಟ್ಟರು, 24ರ ತನಕ.

ಗೋದಲಿಯ ಹಸಿರಿಗೆ ಅಂತ ರಾಗಿ ಬಿತ್ತಿದ್ದು ಎರಡು ಬೆರಳು ಎದ್ದಿದೆ. ಮಲ್ಲಿಗೆಯವಳ ಕೈಯಲ್ಲಿ ಚೆಂಡು ಕೂಡ ಉಂಟು.

ಕಲ್ಯಾಣಪುರ

ಬೇಜಾರು ಇಲ್ಲ ಅಕ್ಕ. ಸೆರಗು ತಲೆಯ ಮೇಲೆ ಇದೆಯಲ್ಲ, ಚಂದ ಇರಬೇಕು. ಫೋಟೋ ಹಾಕಿ.

ಶಂಕರಪುರ

ಮಲ್ಲಿಗೆಯವಳ ಫೋಟೋ ಮೊದಲು!

ಲೇತ್ ಕಾರ್ಕಳ

ಮಳೆಗಾಲಕ್ಕೆ ಅಟ್ಟದಲ್ಲಿ ಇಡಬೇಡಿ. ಹಳೆಯ ಕಾಟನ್ ಬಟ್ಟೆ ಸುತ್ತಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಕಪಾಟಿನಲ್ಲಿ ಇಡಿ. ಜೋಯಿಸರ ಒಂಟೆ ಆಯ್ತಾ?

ಬಿಜೈಯವಳು

ತಂತಿಯ ಮೇಲೆ ಪುಟ್ಟಿ ಹಚ್ಚಿ ನಾಲ್ಕು ಕಾಲು ಮಾಡಿದ್ದೇನೆ, ಒಣಗಲಿಕ್ಕೆ ಇಟ್ಟಿದ್ದೇನೆ. ಜೋಯಿಸರ ಹಬ್ಬ ಜನವರಿ 6ಕ್ಕೆ ಅಲ್ವಾ, ಅಷ್ಟರಲ್ಲಿ ಮೈ ಆಗುತ್ತದೆ.